ತಿಮಿಂಗಿಲ ನೋಡಲು ಹೊರಟ ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಕಾಡು, ಹಕ್ಕಿ, ಹುಲಿ ಅಂತ ಓಡಾಡುವವರಿಗೆ ಕೊರತೆ ಇಲ್ಲ. ಕಬಿನಿ, ಬಂಡೀಪುರ, ರಂಗನತಿಟ್ಟು ಎಲ್ಲವೂ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರುವಷ್ಟು ಹತ್ತಿರ. ಸಮುದ್ರ ಮಾತ್ರ ನಮಗೆ ದೂರ. ಹಾಗಾಗಿ ತಿಮಿಂಗಿಲ ನೋಡುವ ಆಸೆ ಹುಟ್ಟಿದರೆ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ತಿಳಿಯುವುದಿಲ್ಲ. ಈ ಕಡೆಯ ಗೆಳೆಯರು, ಅವರ ಮನೆಯವರು ನನ್ನನ್ನು ಕೇಳುತ್ತಾ ಬಂದಿರುವ ಪ್ರಶ್ನೆಗಳನ್ನೂ ನನಗೆ ತಿಳಿದ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ನಮಗೆ ಹತ್ತಿರದಲ್ಲಿ ತಿಮಿಂಗಿಲ ಎಲ್ಲಿ ಕಾಣುತ್ತದೆ?

ಶ್ರೀಲಂಕಾದಲ್ಲಿ. ದ್ವೀಪದ ದಕ್ಷಿಣ ತುದಿಯಲ್ಲಿ ಮಿರಿಸ್ಸ ಅಂತ ಒಂದು ಸಣ್ಣ ಮೀನುಗಾರರ ಊರಿದೆ. ಅಲ್ಲಿಂದ ಬೆಳಿಗ್ಗೆ ಬೋಟ್ ಹತ್ತಿದರೆ ನೀಲಿ ತಿಮಿಂಗಿಲ ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ದಡ ಸೇರಬಹುದು. ಭೂಮಿಯ ಮೇಲೆ ಇದುವರೆಗೆ ಬದುಕಿದ ಪ್ರಾಣಿಗಳಲ್ಲೆಲ್ಲಾ ತೂಕದಲ್ಲಿ ದೊಡ್ಡದು ಇದೇ ಅಂತ ಸಾಮಾನ್ಯವಾಗಿ ಒಪ್ಪಿಕೊಂಡಿದ್ದಾರೆ. ಅಂಥದ್ದು ನಮ್ಮಿಂದ ಒಂದು ಸಣ್ಣ ವಿಮಾನ ಪ್ರಯಾಣದ ದೂರದಲ್ಲಿದೆ ಅನ್ನೋದು ಇಲ್ಲಿ ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಮಿರಿಸ್ಸ ಬಿಟ್ಟರೆ ಪೂರ್ವ ಕರಾವಳಿಯ ಟ್ರಿಂಕೋಮಲಿ, ವಾಯವ್ಯದ ಕಲ್ಪಿಟಿಯ ಇವೆ. ಕಲ್ಪಿಟಿಯದಲ್ಲಿ ಸ್ಪಿನ್ನರ್ ಡಾಲ್ಫಿನ್‌ಗಳ ದೊಡ್ಡ ಗುಂಪು ಮುಖ್ಯ ಆಕರ್ಷಣೆ. ಅದೃಷ್ಟವಿದ್ದರೆ ಸ್ಪರ್ಮ್ ತಿಮಿಂಗಿಲವೂ ಸಿಗುತ್ತದೆ.

ಕಾರವಾರ, ಮುರುಡೇಶ್ವರದಲ್ಲೇ ನೋಡೋಕೆ ಆಗಲ್ವಾ?

ತಿಮಿಂಗಿಲ ನೋಡಲಿಕ್ಕೆಂದೇ ಹೋಗುವುದಾದರೆ ಆಗುವುದಿಲ್ಲ. ಅರಬ್ಬಿ ಸಮುದ್ರದಲ್ಲಿ ತಿಮಿಂಗಿಲಗಳಿವೆ. ಆಗೊಮ್ಮೆ ಈಗೊಮ್ಮೆ ಮೀನುಗಾರರಿಗೆ ಕಾಣುತ್ತವೆ, ಸತ್ತವು ದಡಕ್ಕೆ ಬಂದು ಬೀಳುವುದೂ ಇದೆ. ಆದರೆ ನಮ್ಮ ಕರಾವಳಿಯಲ್ಲಿ ತೀರದಿಂದ ಬಹಳ ದೂರದವರೆಗೆ ಸಮುದ್ರ ಆಳವಿಲ್ಲ. ಒಂದು ಬೆಳಗಿನಲ್ಲಿ ಬೋಟ್ ಹೋಗಿ ಬರುವ ದೂರದಲ್ಲಿ ತಿಮಿಂಗಿಲ ಸಿಕ್ಕೇ ಸಿಗುತ್ತದೆ ಅಂತ ಯಾರೂ ಹೇಳಲಾರರು.

ಕಾರವಾರದ ಬಳಿ ಡಾಲ್ಫಿನ್ ಚೆನ್ನಾಗಿ ಕಾಣುತ್ತವೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋದರೆ ಹವಳ, ಬಣ್ಣದ ಮೀನು ನೋಡಬಹುದು. ಮೈಸೂರಿನಿಂದ ಮುರುಡೇಶ್ವರಕ್ಕೆ ರೈಲೂ ಇದೆ. ಸಮುದ್ರದಲ್ಲಿ ನಿಮ್ಮ ಹೊಟ್ಟೆ ಹೇಗಿರುತ್ತದೆ ಅಂತ ತಿಳಿಯೋಕೆ ಮೊದಲು ಇಲ್ಲೊಂದು ಬೋಟ್ ಹತ್ತಿ ನೋಡುವುದು ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ಬೇಡ.

ತಿಮಿಂಗಿಲ ತಣ್ಣನೆಯ ಸಮುದ್ರದ ಪ್ರಾಣಿ ಅಲ್ವಾ? ಬಿಸಿ ನೀರಿನಲ್ಲಿ ಏನು ಮಾಡುತ್ತವೆ?

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ.

ಸಾಮಾನ್ಯವಾಗಿ ದೊಡ್ಡ ತಿಮಿಂಗಿಲಗಳು ಬೇಸಿಗೆಯಲ್ಲಿ ಧ್ರುವದ ಕಡೆಯ ತಣ್ಣನೆಯ ನೀರಿನಲ್ಲಿ ಹೊಟ್ಟೆ ತುಂಬಾ ತಿನ್ನುತ್ತವೆ. ಚಳಿಗಾಲದಲ್ಲಿ ಸಾವಿರಾರು ಕಿಲೋಮೀಟರ್ ಈಜಿ ಬೆಚ್ಚನೆಯ ನೀರಿಗೆ ಬಂದು ಮರಿ ಹಾಕುತ್ತವೆ. ಹವಾಯಿಗೆ, ಟೊಂಗಾಕ್ಕೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಬರುವುದು ಹೀಗೆ. ಅಲ್ಲಿರುವಷ್ಟು ದಿನ ತಾಯಿಗೆ ಹೆಚ್ಚುಕಡಿಮೆ ಉಪವಾಸ. ಉಷ್ಣವಲಯದ ನೀರು ನೋಡಲು ಚೆಂದ, ಆದರೆ ಬಹುತೇಕ ಕಡೆ ಅದರಲ್ಲಿ ಇವುಗಳಿಗೆ ಬೇಕಾದಷ್ಟು ಆಹಾರ ಇರುವುದಿಲ್ಲ.

ಉತ್ತರ ಹಿಂದೂ ಮಹಾಸಾಗರದ ನೀಲಿ ತಿಮಿಂಗಿಲಗಳ ರೀತಿಯೇ ಬೇರೆ. ಅವು ಧ್ರುವದ ಕಡೆ ಹೋಗುವುದೇ ಇಲ್ಲ. ತಿನ್ನುವುದು, ಮರಿ ಹಾಕುವುದು ಎಲ್ಲ ಈ ಬಿಸಿ ನೀರಿನಲ್ಲೇ. ಶ್ರೀಲಂಕಾದ ಸಾಗರ ಜೀವವಿಜ್ಞಾನಿ ಆಶಾ ಡಿ ವೋಸ್ ಇದರ ಬೆನ್ನು ಹತ್ತಿದ್ದು 2003ರಲ್ಲಿ. ಸಂಶೋಧನಾ ಹಡಗಿನಲ್ಲಿದ್ದಾಗ ಅವರಿಗೆ ನೀರಿನ ಮೇಲೆ ತೇಲುತ್ತಿದ್ದ ತಿಮಿಂಗಿಲದ ಕೆಂಪು ಲದ್ದಿ ಕಂಡಿತು. ಲದ್ದಿ ಹಾಕಿದೆ ಅಂದರೆ ಇಲ್ಲೇ ತಿನ್ನುತ್ತಿದೆ ಅಂತ ತಾನೇ? ಆ ಕೆಂಪು ಬಣ್ಣ ಬಂದದ್ದು ಅವು ತಿನ್ನುವ ಸಣ್ಣ ಸಣ್ಣ ಸೀಗಡಿಯಂಥ ಜೀವಿಗಳಿಂದ. ಮುಂಗಾರು, ಹಿಂಗಾರು ಗಾಳಿ ತಿರುಗಿದಂತೆ ಶ್ರೀಲಂಕಾದ ಸುತ್ತ ಸಮುದ್ರದ ಪ್ರವಾಹವೂ ತಿರುಗುತ್ತದೆ. ಆಳದ ಸತ್ವವುಳ್ಳ ನೀರು ಮೇಲೇಳುತ್ತದೆ. ಅದರಿಂದ ಸೂಕ್ಷ್ಮ ಸಸ್ಯಗಳು, ಅವನ್ನು ತಿನ್ನುವ ಸೀಗಡಿ, ಅದನ್ನು ತಿನ್ನಲು ತಿಮಿಂಗಿಲ. ಮಿರಿಸ್ಸದ ಬಳಿ ದಡದಿಂದ ಸ್ವಲ್ಪ ದೂರಕ್ಕೇ ಸಮುದ್ರದ ತಳ ಒಮ್ಮೆಲೇ ಕೆಳಗಿಳಿಯುವುದರಿಂದ ಇದೆಲ್ಲ ನಮಗೆ ಕಾಣುವಷ್ಟು ಹತ್ತಿರದಲ್ಲಿ ನಡೆಯುತ್ತದೆ.

ನಮ್ಮ ಹೊಲಕ್ಕೆ ನೀರು ತರುವ ಮುಂಗಾರಿಗೂ ಈ ತಿಮಿಂಗಿಲಗಳ ಊಟಕ್ಕೂ ಸಂಬಂಧ ಇದೆ ಅಂತ ಮಂಡ್ಯದವರಿಗೆ ಹೇಳಿದರೆ ಅವರು ಬೇಗ ಹಿಡಿದುಕೊಳ್ಳುತ್ತಾರೆ.

ಯಾವ ತಿಂಗಳಲ್ಲಿ ಹೋಗಬೇಕು? ದಸರಾ ರಜೆಯಲ್ಲಿ ಹೋಗಬಹುದಾ?

ದಸರಾ ರಜೆಯಲ್ಲಿ ಬೇಡ. ಮಿರಿಸ್ಸದ ಸೀಸನ್ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಅದರಲ್ಲೂ ಡಿಸೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ಸಮುದ್ರ ಶಾಂತವಾಗಿರುತ್ತದೆ. ಮೇ ತಿಂಗಳಿಂದ ಮುಂಗಾರು ಗಾಳಿ ದಕ್ಷಿಣ ತೀರಕ್ಕೆ ಹೊಡೆಯುತ್ತದೆ, ಅಲೆ ಜಾಸ್ತಿ. ಆಗ ಪೂರ್ವದ ಟ್ರಿಂಕೋಮಲಿಯ ಸರದಿ. ಅಲ್ಲಿ ಆಗಸ್ಟ್‌ವರೆಗೆ ಚೆನ್ನಾಗಿರುತ್ತದೆ. ಅಕ್ಟೋಬರ್ ಬರುವ ಹೊತ್ತಿಗೆ ಟ್ರಿಂಕೋಮಲಿ ಮುಗಿದಿರುತ್ತದೆ, ಮಿರಿಸ್ಸ ಶುರುವಾಗಿರುವುದಿಲ್ಲ.

ಮಕ್ಕಳ ರಜೆ ನೋಡಿಕೊಂಡು ಹೋಗುವವರಿಗೆ ಕ್ರಿಸ್‌ಮಸ್ ಸಮಯದಲ್ಲಿ ಮಿರಿಸ್ಸ, ಬೇಸಿಗೆ ರಜೆಯಲ್ಲಿ ಟ್ರಿಂಕೋಮಲಿ. ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿ ಜನ ತುಂಬಿರುತ್ತಾರೆ. ಸಂಕ್ರಾಂತಿ ಕಳೆದ ಮೇಲೆ, ಫೆಬ್ರವರಿಯಲ್ಲಿ ಹೋಗಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಮೈಸೂರಿನಿಂದ ಹೋಗುವುದು ಹೇಗೆ?

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನಗಳಿವೆ. ಹಾರಾಟ ಸುಮಾರು ಒಂದೂವರೆ ಗಂಟೆ. ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. ಹೆದ್ದಾರಿ ಚೆನ್ನಾಗಿದ್ದರೂ ಬೆಂಗಳೂರು ನಗರ ದಾಟುವುದೇ ದೊಡ್ಡ ಕೆಲಸ. ಅದಕ್ಕೆ ಧಾರಾಳವಾಗಿ ಟೈಮ್ ಇಟ್ಟುಕೊಳ್ಳಿ.

ಕೊಲಂಬೊದಿಂದ ಮಿರಿಸ್ಸ ಸುಮಾರು 150 ಕಿಲೋಮೀಟರ್. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರು ಬೇಗ ಹೋಗುತ್ತದೆ. ನನ್ನನ್ನು ಕೇಳಿದರೆ ಹೋಗುವಾಗ ಒಮ್ಮೆಯಾದರೂ ರೈಲು ಹತ್ತಿ. ಕೊಲಂಬೊ ಫೋರ್ಟ್ ಸ್ಟೇಷನ್‌ನಿಂದ ಗಾಲೆ ಕಡೆಗೆ ಹೋಗುವ ರೈಲು ಸಮುದ್ರದ ಪಕ್ಕಕ್ಕೇ ಓಡುತ್ತದೆ. ಎಷ್ಟೋ ಕಡೆ ಕಿಟಕಿಯ ಕೆಳಗೇ ಅಲೆ. ಮಿರಿಸ್ಸ ಪಕ್ಕದ ವೆಲಿಗಾಮದಲ್ಲಿ ಇಳಿದು ಆಟೊ ಹಿಡಿಯಿರಿ. ಅಲ್ಲಿ ಅದನ್ನು ಟುಕ್‌ಟುಕ್ ಅನ್ನುತ್ತಾರೆ.

ವೀಸಾ?

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಪ್ರಯಾಣದ ಅನುಮತಿಯನ್ನು ಆನ್‌ಲೈನ್‌ನಲ್ಲೇ ಪಡೆಯಬಹುದು. ಭಾರತೀಯರಿಗೆ ಶುಲ್ಕದ ನಿಯಮ ಆಗಾಗ ಬದಲಾಗಿದೆ. ಹಾಗಾಗಿ ಟಿಕೆಟ್ ಮಾಡುವ ಮೊದಲು ಶ್ರೀಲಂಕಾ ಸರ್ಕಾರದ ಅಧಿಕೃತ ಜಾಲತಾಣವನ್ನೇ ನೋಡಿ. ಅದೇ ಥರ ಕಾಣುವ ಖಾಸಗಿ ಸೈಟ್‌ಗಳು ಸುಮ್ನೆ ಜಾಸ್ತಿ ದುಡ್ಡು ತೆಗೆದುಕೊಳ್ಳುತ್ತವೆ.

ಅಷ್ಟು ದೂರ ಹೋಗಿ ತಿಮಿಂಗಿಲವೇ ಕಾಣದಿದ್ದರೆ?

ಕಾಣದೆಯೂ ಇರಬಹುದು. ಒಳ್ಳೆಯ ಸೀಸನ್‌ನಲ್ಲಿ ಕಾಣುವ ಸಾಧ್ಯತೆ ಹೆಚ್ಚು, ಖಾತ್ರಿ ಮಾತ್ರ ಯಾರೂ ಕೊಡಲಾರರು. ಖಾತ್ರಿ ಕೊಡುವ ಬೋಟ್‌ನವರ ಬಗ್ಗೆ ನನಗೆ ಅನುಮಾನ. ಹೇಗಾದರೂ ತೋರಿಸಲೇಬೇಕು ಅಂತ ಹೊರಟವರು ತಿಮಿಂಗಿಲವನ್ನು ಅಟ್ಟಿಸಿಕೊಂಡು ಹೋಗುತ್ತಾರೆ.

ಏನೂ ಕಾಣದಿದ್ದರೆ ಕೆಲವು ಬೋಟ್‌ನವರು ಮರುದಿನ ಪುಕ್ಕಟೆ ಕರೆದುಕೊಂಡು ಹೋಗುತ್ತಾರೆ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಹಾಗಾಗಿ ಮಿರಿಸ್ಸದಲ್ಲಿ ಕಡೇಪಕ್ಷ ಎರಡು ಬೆಳಗು ಸಿಗುವಂತೆ ಪ್ಲಾನ್ ಮಾಡಿ, ಬೋಟ್ ಪ್ರಯಾಣವನ್ನು ಮೊದಲ ಬೆಳಿಗ್ಗೆಯೇ ಇಟ್ಟುಕೊಳ್ಳಿ. ಕೊನೆಯ ದಿನಕ್ಕೆ ಇಟ್ಟುಕೊಂಡು ಆ ದಿನ ಗಾಳಿ ಎದ್ದು ಬೋಟ್ ಹೊರಡದೆ ನಿರಾಸೆಯಿಂದ ಬಂದವರನ್ನು ನೋಡಿದ್ದೇನೆ.

ಬೋಟ್ ಹತ್ತಿದ ಮೇಲೆ ಏನೇನಾಗುತ್ತದೆ?

ಬಂದರಿಗೆ ಬೆಳಿಗ್ಗೆ ಆರಕ್ಕೆಲ್ಲ ಹೋಗಬೇಕು. ಲೈಫ್ ಜಾಕೆಟ್ ಹಾಕಿಸಿ, ಹೆಸರು ಬರೆದುಕೊಂಡು ಹತ್ತಿಸುತ್ತಾರೆ. ಬಂದರಿನ ಬಾಯಿ ದಾಟಿದ ಕೂಡಲೇ ಬೋಟ್ ತೂಗಾಡಲು ಶುರು. ಆಮೇಲೆ ಒಂದು ಗಂಟೆಯೋ ಎರಡು ಗಂಟೆಯೋ ಬರೀ ನೀರು. ಆ ಹೊತ್ತಿನಲ್ಲಿ ಹಾರುಮೀನು ಕಾಣಬಹುದು, ಆಮೆ ಕಾಣಬಹುದು, ಸ್ಪಿನ್ನರ್ ಡಾಲ್ಫಿನ್‌ಗಳು ಗಿರಗಿರನೆ ತಿರುಗುತ್ತಾ ನೀರಿನಿಂದ ಹಾರಬಹುದು.

ತಿಮಿಂಗಿಲ ಮೊದಲು ಕಾಣುವುದು ಉಸಿರಿನಿಂದ. ದೂರದಲ್ಲಿ ನೆಟ್ಟಗೆ ಬಿಳಿಯ ಹಬೆ ಏಳುತ್ತದೆ. ನೀಲಿ ತಿಮಿಂಗಿಲದ ಉಸಿರು 30 ಅಡಿಯವರೆಗೂ ಏಳಬಲ್ಲದು. ಬೋಟ್ ಹುಡುಗರು ಕೈ ತೋರಿಸಿ ಕೂಗುತ್ತಾರೆ. ನಾಲ್ಕೈದು ಕ್ಷಣ ಗಾಳಿಯಲ್ಲಿ ನಿಂತು ಅದು ಕರಗುತ್ತದೆ. ಗಾಳಿ ನಿಮ್ಮ ಕಡೆಗಿದ್ದು ಎಂಜಿನ್ ಆರಿಸಿದ್ದರೆ ಆ ಉಸಿರಿನ ಸದ್ದೂ ಕೇಳುತ್ತದೆ. ಆಮೇಲೆ ಬೆನ್ನು ಕಾಣುತ್ತದೆ. ಬೂದು ನೀಲಿ, ಮೇಲೆಲ್ಲ ಮಚ್ಚೆ. ಬೆನ್ನು ಉರುಳುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಕಡೆಗೆ ತೀರಾ ಹಿಂದೆ ಒಂದು ಪುಟ್ಟ ರೆಕ್ಕೆ ಕಂಡು ಮರೆಯಾಗುತ್ತದೆ.

ಹೀಗೆ ಕೆಲವು ಸಲ ಉಸಿರಾಡಿದ ಮೇಲೆ ಬೆನ್ನನ್ನು ಜಾಸ್ತಿ ಬಗ್ಗಿಸುತ್ತದೆ. ಆಗ ಕ್ಯಾಮೆರಾ ಸಿದ್ಧ ಇರಲಿ. ಬಾಲ ಎತ್ತಿ ನೀರು ಸುರಿಸುತ್ತಾ ಆಳಕ್ಕೆ ಇಳಿಯುವುದು ಆಗಲೇ. ಎಲ್ಲ ತಿಮಿಂಗಿಲವೂ ಬಾಲ ಎತ್ತುವುದಿಲ್ಲ. ಅದು ಇಳಿದ ಜಾಗದಲ್ಲಿ ನೀರಿನ ಮೇಲೆ ಗಾಜಿನಷ್ಟು ನುಣುಪಾದ ದೊಡ್ಡ ವೃತ್ತ ಉಳಿಯುತ್ತದೆ. ಸುತ್ತ ಸಣ್ಣ ಅಲೆ ಇದ್ದರೂ ಆ ಜಾಗ ಮಾತ್ರ ನಯ. ಬಾಲದ ಹೊಡೆತಕ್ಕೆ ಕೆಳಗಿನ ನೀರು ಮೇಲೆ ಬಂದು ಹರಡುವುದರಿಂದ ಹೀಗಾಗುತ್ತದೆ. ಹೆಚ್ಚಿನವರು ಅಷ್ಟು ಹೊತ್ತಿಗೆ ಮೊಬೈಲ್‌ನಲ್ಲಿ ಫೋಟೊ ನೋಡುತ್ತಿರುತ್ತಾರೆ. ಆ ವೃತ್ತವನ್ನೂ ನೋಡಿ.

ಮತ್ತೆ ಮೇಲೆ ಬರಲು ಸುಮಾರು ಹತ್ತು ನಿಮಿಷ ಬೇಕು. ಸುಮ್ನೆ ಕಾಯಬೇಕು, ಅಷ್ಟೇ.

ಯಾವ ಯಾವ ತಿಮಿಂಗಿಲ ಸಿಗಬಹುದು? ಗುರುತಿಸುವುದು ಹೇಗೆ?

ನೀಲಿ ತಿಮಿಂಗಿಲದ ಬಗ್ಗೆ ಆಗಲೇ ಹೇಳಿದೆ. ಅಂಟಾರ್ಕ್ಟಿಕದವು 30 ಮೀಟರ್ ಹತ್ತಿರ ಬೆಳೆದರೆ ಇಲ್ಲಿನವು ಸ್ವಲ್ಪ ಸಣ್ಣ, 70ರಿಂದ 80 ಅಡಿ. ಸ್ಪರ್ಮ್ ತಿಮಿಂಗಿಲದ ತಲೆ ಚೌಕ. ಅದರ ಉಸಿರು ನೆಟ್ಟಗೆ ಏಳುವುದಿಲ್ಲ, ಮುಂದಕ್ಕೆ ಮತ್ತು ಎಡಕ್ಕೆ ವಾಲಿರುತ್ತದೆ, ಏಕೆಂದರೆ ಅದರ ಮೂಗಿನ ತೂತು ಇರುವುದೇ ಎಡಕ್ಕೆ. ಅದು ಮುಳುಗಿದರೆ ಮುಕ್ಕಾಲು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಬರುವುದಿಲ್ಲ. ಬ್ರೂಡಸ್ ತಿಮಿಂಗಿಲ ವರ್ಷವಿಡೀ ಬಿಸಿ ನೀರಿನಲ್ಲೇ ಇರುವಂಥದ್ದು. ತಲೆಯ ಮೇಲೆ ಉದ್ದಕ್ಕೂ ಮೂರು ಗೆರೆ ಎದ್ದಿರುತ್ತವೆ.

ನನಗೆ ಮಡಿಕೇರಿ ಘಾಟ್‌ನಲ್ಲೇ ವಾಂತಿ ಬರುತ್ತದೆ. ಬೋಟ್‌ನಲ್ಲಿ ಗತಿ ಏನು?

ಘಾಟಿಯಲ್ಲಿ ವಾಂತಿ ಮಾಡುವವರಿಗೆ ಬೋಟ್‌ನಲ್ಲೂ ಆಗುವ ಸಾಧ್ಯತೆ ಇದೆ. ಮುಂಚೆಯೇ ಸಿದ್ಧರಾದರೆ ತುಂಬಾ ಮಟ್ಟಿಗೆ ತಪ್ಪಿಸಬಹುದು. ಅವೊಮಿನ್ ಥರದ ಮಾತ್ರೆಯನ್ನು ಬೋಟ್ ಹತ್ತುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ನಿದ್ದೆ ಬರಿಸುತ್ತದೆ ಅನ್ನುವುದು ನೆನಪಿರಲಿ. ಕಣ್ಣಿನ ಒತ್ತಡ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು, ಮಕ್ಕಳಿಗೆ ಕೊಡುವವರು, ಬೇರೆ ಮಾತ್ರೆ ನುಂಗುತ್ತಿರುವವರು ಮೈಸೂರು ಬಿಡುವ ಮೊದಲೇ ತಮ್ಮ ಡಾಕ್ಟರನ್ನು ಕೇಳಿ.

ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ಎಣ್ಣೆ ತಿಂಡಿ ತಿಂದೂ ಹೋಗಬೇಡಿ. ಮನೆಯಿಂದ ತಂದ ಚಕ್ಕುಲಿ, ಕೋಡುಬಳೆ, ಪುಳಿಯೋಗರೆ ಸಂಜೆಗಿರಲಿ. ಬೆಳಿಗ್ಗೆ ಎರಡು ಬಿಸ್ಕತ್ತು, ಒಂದು ಬಾಳೆಹಣ್ಣು ಸಾಕು. ಬೋಟ್‌ನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೂರಿ. ಮೇಲಿನ ಅಂತಸ್ತು ಚೆಂದ ಕಾಣುತ್ತದೆ, ತೂಗಾಟವೂ ಅಲ್ಲೇ ಜಾಸ್ತಿ. ಡೀಸೆಲ್ ಹೊಗೆ ಬರುವ ಕಡೆ ಕೂರಬೇಡಿ. ಮೊಬೈಲ್ ಜೇಬಿಗೆ ಹಾಕಿ, ದೂರದಲ್ಲಿ ಬಾನು ನೀರಿಗೆ ತಾಗುವ ಗೆರೆ ನೋಡುತ್ತಿರಿ. ನಿಂಬೆಹಣ್ಣು ಮೂಸುವುದು, ಶುಂಠಿ ಚೂರು ಬಾಯಲ್ಲಿಟ್ಟುಕೊಳ್ಳುವುದು ನಮ್ಮ ಕಡೆಯ ರೂಢಿ. ಅದರಿಂದ ತೊಂದರೆ ಏನಿಲ್ಲ, ಕೆಲವರಿಗೆ ಹಿತ ಅನ್ನಿಸುತ್ತದೆ.

ವಾಂತಿ ಬಂದರೆ ನಾಚಿಕೆ ಬೇಡ. ಬೋಟ್‌ನವರು ಕವರ್ ಕೊಡುತ್ತಾರೆ, ಅವರಿಗೆ ಇದು ದಿನದ ಕೆಲಸ.

ಎಂಥ ಬೋಟ್ ಆರಿಸಿಕೊಳ್ಳಬೇಕು?

ಎಲ್ಲಕ್ಕಿಂತ ಜಾಸ್ತಿ ಯೋಚನೆ ಮಾಡಬೇಕಾದದ್ದು ಇದರ ಬಗ್ಗೆ. ಜನ ಮೊದಲು ದರ ಕೇಳುತ್ತಾರೆ, ಆಮೇಲೆ ತಿಂಡಿ ಏನು ಕೊಡುತ್ತಾರೆ ಅಂತ ಕೇಳುತ್ತಾರೆ. ನೀವು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: "ತಿಮಿಂಗಿಲ ಕಂಡರೆ ಬೋಟ್ ಎಷ್ಟು ದೂರದಲ್ಲಿ ನಿಲ್ಲಿಸುತ್ತೀರಿ?"

100 ಮೀಟರ್ ಅಂತ ತಕ್ಷಣ ಹೇಳಿದರೆ ಸಂತೋಷ. ಎಂಜಿನ್ ನಿಧಾನ ಮಾಡುತ್ತೇವೆ, ಪಕ್ಕದಿಂದ ಸಮಾನಾಂತರವಾಗಿ ಹೋಗುತ್ತೇವೆ, ಎದುರಿಗೆ ಅಡ್ಡ ಹಾಕುವುದಿಲ್ಲ ಅಂದರೆ ಇನ್ನೂ ಸಂತೋಷ. "ನಿಮಗೆ ಮುಟ್ಟುವಷ್ಟು ಹತ್ತಿರ ಕರೆದೊಯ್ಯುತ್ತೇವೆ" ಅಂದರೆ ನಮಸ್ಕಾರ ಹೇಳಿ ಮುಂದಿನವರ ಹತ್ತಿರ ಹೋಗಿ. ಬೋಟ್‌ಗೆ ಅಲ್ಲಿನ ವನ್ಯಜೀವಿ ಇಲಾಖೆಯ ಅನುಮತಿ ಇದೆಯಾ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ, ಪ್ರಾಣಿಗಳ ಬಗ್ಗೆ ವಿವರಿಸುವವರು ಒಬ್ಬರು ಇರುತ್ತಾರಾ ಅಂತಲೂ ವಿಚಾರಿಸಿ. ನಾಲ್ಕು ಕಾಸು ಜಾಸ್ತಿಯಾದರೂ ಇಂಥವರ ಜೊತೆಯೇ ಹೋಗಿ. ನಿಯಮ ಪಾಲಿಸುವವರಿಗೆ ವ್ಯಾಪಾರ ಆದರೆ ಮಾತ್ರ ಉಳಿದವರೂ ಆ ದಾರಿಗೆ ಬರುತ್ತಾರೆ.

ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು ಹತ್ತಿರ ಹೋಗಿ ಅಂತ ಹೇಳಬಹುದಾ?

ದಯವಿಟ್ಟು ಹೇಳಬೇಡಿ. ಯಾರಾದರೂ ಹೇಳಿದರೆ ತಡೆಯಿರಿ.

ಕಬಿನಿಯಲ್ಲಿ ಒಂದು ಹುಲಿಯ ಸುತ್ತ ಜೀಪ್‌ಗಳು ಮುತ್ತಿಕೊಂಡಾಗ ಏನಾಗುತ್ತದೆ ಅಂತ ನೀವು ನೋಡಿರಬಹುದು. ಹುಲಿ ಲಂಟಾನದ ಪೊದೆಗೆ ಸರಿದುಬಿಡುತ್ತದೆ. ಸಮುದ್ರದಲ್ಲಿ ತಿಮಿಂಗಿಲಕ್ಕೆ ಪೊದೆ ಇಲ್ಲ. ಅದು ಆಳಕ್ಕೇ ಇಳಿಯಬೇಕು, ಅದೂ ಬೇಕಾದಷ್ಟು ಉಸಿರು ತುಂಬಿಕೊಳ್ಳುವ ಮೊದಲೇ. ನಮ್ಮಂತೆಯೇ ಶ್ವಾಸಕೋಶ ಇರುವ ಪ್ರಾಣಿ. ಮೇಲೆ ಬರುವುದೇ ಉಸಿರಿಗಾಗಿ. ಬಂದಾಗಲೆಲ್ಲ ನಾಲ್ಕು ದಿಕ್ಕಿನಿಂದ ಬೋಟ್ ನುಗ್ಗಿದರೆ ತಿನ್ನುವುದು ಕಡಿಮೆಯಾಗುತ್ತದೆ, ಸುಸ್ತು ಜಾಸ್ತಿಯಾಗುತ್ತದೆ. ಮರಿ ಜೊತೆಗಿದ್ದರೆ ತಾಯಿಗೆ ಇನ್ನೂ ಕಷ್ಟ.

ಒಂದು ತಿಮಿಂಗಿಲದ ಹಿಂದೆ ಹತ್ತಾರು ಬೋಟ್ ಓಡುವುದನ್ನು ಮಿರಿಸ್ಸದಲ್ಲಿ ಕಣ್ಣಾರೆ ನೋಡಿದ್ದೇನೆ. ಮೇಲೆ ಬಂದ ಪ್ರಾಣಿ ಒಂದೇ ಉಸಿರು ಬಿಟ್ಟು ದಿಕ್ಕು ಬದಲಿಸಿತು, ಮತ್ತೊಂದು ಉಸಿರಿಗೆ ಮುಳುಗಿಹೋಯಿತು. ಬೋಟ್‌ಗಳಲ್ಲಿದ್ದವರೆಲ್ಲ ಸಂತೋಷದಿಂದ ಕೂಗುತ್ತಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. ಹೀಗೆ ದಿಕ್ಕು ಬದಲಿಸುವುದು, ಅವಸರದಲ್ಲಿ ಮುಳುಗುವುದು ಕಂಡರೆ ಅದಕ್ಕೆ ಹಿಂಸೆಯಾಗುತ್ತಿದೆ ಅಂತ ತಿಳಿಯಿರಿ. ಬೋಟ್ ಹಿಂದೆ ತೆಗೆಯಲು ನೀವೇ ಹೇಳಿ. ಪ್ರವಾಸಿಗರು ಕೇಳಿದರೆ ಚಾಲಕರಿಗೂ ಧೈರ್ಯ ಬರುತ್ತದೆ. ಹತ್ತಿರ ಹೋಗದಿದ್ದರೆ ಗಿರಾಕಿಗಳು ಬೈಯುತ್ತಾರೆ ಅನ್ನುವ ಭಯದಿಂದಲೇ ಅವರಲ್ಲಿ ಹಲವರು ನುಗ್ಗುವುದು.

ದೂರ ನಿಂತು ಕಾದ ಬೋಟ್‌ನ ಬಳಿಗೆ ತಿಮಿಂಗಿಲ ತಾನಾಗಿ ಬರುವುದೂ ಉಂಟು. ಅದು ಅದರ ಇಷ್ಟ.

ತಿಮಿಂಗಿಲ ಬೋಟ್ ಮಗುಚಿ ಹಾಕಲ್ವಾ?

ನೀಲಿ ತಿಮಿಂಗಿಲ ಜನರ ಮೇಲೆ ಬೀಳುವ ಪ್ರಾಣಿ ಅಲ್ಲ. ಅದರ ಬಾಯಿಯಲ್ಲಿ ಹಲ್ಲಿಲ್ಲ, ಜರಡಿಯಂಥ ಪಟ್ಟಿಗಳಿವೆ. ಸಮುದ್ರದಲ್ಲಿ ನಿಜವಾದ ಅಪಾಯ ಇರುವುದು ಹವಾಮಾನದಿಂದ, ಮಿತಿಮೀರಿ ಜನ ತುಂಬಿದ ಬೋಟ್‌ನಿಂದ. ಜನ ಜಾಸ್ತಿ ಅನ್ನಿಸಿದರೆ ಹತ್ತಬೇಡಿ. ತಿಮಿಂಗಿಲ ಕಂಡಾಗ ಎಲ್ಲರೂ ಒಂದೇ ಪಕ್ಕಕ್ಕೆ ಓಡಬೇಡಿ.

ಈಜು ಬರಲ್ಲ. ಪರವಾಗಿಲ್ವಾ?

ಪರವಾಗಿಲ್ಲ. ಲೈಫ್ ಜಾಕೆಟ್‌ನ ಬಕಲ್ ಹಾಕಿ, ದಾರ ಬಿಗಿ ಮಾಡಿ. ಸೆಕೆ ಅಂತ ಮಧ್ಯದಲ್ಲಿ ಬಿಚ್ಚಬೇಡಿ.

ಚಿಕ್ಕ ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ?

ಕೂಸುಗಳನ್ನು ಬೇಡ. ಹೇಳಿದ ಮಾತು ಕೇಳುವ, ಒಂದು ಕಡೆ ಕೂರುವ ವಯಸ್ಸಿನ ಮಕ್ಕಳಾದರೆ ಧಾರಾಳವಾಗಿ ಬರಲಿ. ಅವರ ಅಳತೆಯ ಲೈಫ್ ಜಾಕೆಟ್ ಇದೆಯಾ ಅಂತ ಹತ್ತುವ ಮೊದಲೇ ಹಾಕಿಸಿ ನೋಡಿ. ದೊಡ್ಡವರದು ಹಾಕಿದರೆ ಮಗು ಕೆಳಗೆ ಜಾರುತ್ತದೆ.

ಮಂಡಿನೋವು ಇರುವ ಅಜ್ಜ, ಅಜ್ಜಿಯರಿಗೆ ಬೋಟ್ ಹತ್ತಿ ಇಳಿಯುವುದೇ ಕಷ್ಟದ ಭಾಗ. ದೊಡ್ಡ ಬೋಟ್ ಆರಿಸಿ, ಎರಡೂ ಕಡೆ ಕೈ ಹಿಡಿಯಲು ಹೇಳಿ. ಬೆನ್ನುಮೂಳೆ ತೊಂದರೆ ಇರುವವರು ಮತ್ತು ಬಸುರಿಯರು ಸ್ಪೀಡ್ ಬೋಟ್ ಹತ್ತಲೇಬಾರದು. ಅದು ಅಲೆಯಿಂದ ಅಲೆಗೆ ಕುಕ್ಕುತ್ತದೆ. ಬಸುರಿಯರು ದೊಡ್ಡ ಬೋಟನ್ನೂ ಆ ವರ್ಷಕ್ಕೆ ಬಿಡುವುದೇ ವಾಸಿ. ಅಂಥವರಿಗೆ ಟ್ರಿಂಕೋಮಲಿ ಒಳ್ಳೆಯದು. ಅಲ್ಲಿ ಕೋಣೇಶ್ವರ ದೇವಸ್ಥಾನ ಇರುವ ಸ್ವಾಮಿ ಬಂಡೆಯ ಕೆಳಗೇ ಸಮುದ್ರ ತುಂಬಾ ಆಳ. ಸೀಸನ್‌ನಲ್ಲಿ ದೂರದರ್ಶಕ ಹಿಡಿದು ತಾಳ್ಮೆಯಿಂದ ಕೂತರೆ ನೆಲದ ಮೇಲಿಂದಲೇ ತಿಮಿಂಗಿಲದ ಉಸಿರು ಕಾಣುವ ಜಾಗ ಅದು. ಶಿವನ ದರ್ಶನವೂ ಆಗುತ್ತದೆ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಸಿಗುತ್ತದೆ. ಅನ್ನ, ಪರಿಪ್ಪು ಅನ್ನುವ ಬೇಳೆ ಸಾರು, ತೆಂಗಿನಹಾಲಿನ ಪಲ್ಯಗಳು, ಅಪ್ಪಂ, ಒತ್ತು ಶಾವಿಗೆಯಂಥ ಇಡಿಯಪ್ಪ ಎಲ್ಲ ಕಡೆ ಇವೆ. ಒಂದು ವಿಷಯದಲ್ಲಿ ಹುಷಾರು. ಪೊಲ್ ಸಂಬೋಲ್ ಅನ್ನುವ ಕಾಯಿ ಚಟ್ನಿ ನೋಡಲು ನಮ್ಮದೇ ಥರ ಇರುತ್ತದೆ, ಅದಕ್ಕೆ ಒಣಮೀನಿನ ಪುಡಿ ಹಾಕುವ ರೂಢಿ ಇದೆ. ಪಲ್ಯಗಳಿಗೂ ಕೆಲವೊಮ್ಮೆ ಹಾಕುತ್ತಾರೆ. "ಮೀನು ಬೇಡ, ಒಣಮೀನೂ ಬೇಡ" ಅಂತ ಬಿಡಿಸಿ ಹೇಳಿ.

ಏನೇನು ತೆಗೆದುಕೊಂಡು ಹೋಗಬೇಕು?

ತುಂಬು ತೋಳಿನ ತೆಳು ಹತ್ತಿ ಬಟ್ಟೆ. ದಾರ ಕಟ್ಟುವ ಟೋಪಿ, ಇಲ್ಲದಿದ್ದರೆ ಗಾಳಿಗೆ ಹಾರಿಹೋಗಿ ಸಮುದ್ರಕ್ಕೆ ಕಸವಾಗುತ್ತದೆ. ತಂಪು ಕನ್ನಡಕ, ಸನ್‌ಸ್ಕ್ರೀನ್, ಕುಡಿಯುವ ನೀರು. ನೀರಿನ ಮೇಲಿನ ಬಿಸಿಲು ಮೇಲಿಂದಲೂ ಸುಡುತ್ತದೆ, ಕೆಳಗಿಂದಲೂ ಸುಡುತ್ತದೆ. ಸೀರೆ ಬದಲು ಚೂಡಿದಾರ ಅಥವಾ ಪ್ಯಾಂಟ್ ಹಾಕಿದರೆ ಏಣಿ ಹತ್ತಲು ಸುಲಭ. ದೊಡ್ಡ ಬೋಟ್‌ಗಳಲ್ಲಿ ಸಾಮಾನ್ಯವಾಗಿ ಟಾಯ್ಲೆಟ್ ಇರುತ್ತದೆ, ಆದರೂ ಕೇಳಿಕೊಂಡೇ ಬುಕ್ ಮಾಡಿ.

ಫೋಟೊ ತೆಗೆಯಲು ಎಂಥ ಕ್ಯಾಮೆರಾ ಬೇಕು? ಡ್ರೋನ್ ಹಾರಿಸಬಹುದಾ?

ರಂಗನತಿಟ್ಟಿನಲ್ಲಿ ಬಳಸುವ 70-300 ಲೆನ್ಸ್ ಸಾಕು. ಶಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಇಡಬೇಡಿ, ಬೋಟ್ ಅಲ್ಲಾಡುತ್ತಲೇ ಇರುತ್ತದೆ. ಉಪ್ಪು ನೀರಿನ ಹನಿ ಒರೆಸಲು ಮೆತ್ತನೆಯ ಬಟ್ಟೆ ಇರಲಿ. ಡ್ರೋನ್ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಅದನ್ನು ಮನೆಯಲ್ಲೇ ಬಿಡಿ.

ನೀರಿಗೆ ಇಳಿದು ಅದರ ಜೊತೆ ಈಜಬಹುದಾ?

ಬೇಡ. ಯಾರಾದರೂ ಇಳಿಸುತ್ತೇವೆ ಅಂತ ಬಂದರೂ ಒಪ್ಪಬೇಡಿ.

ದೂರದಲ್ಲಿ ದೊಡ್ಡ ಹಡಗುಗಳು ಸಾಲಾಗಿ ಹೋಗುತ್ತಿರುತ್ತವೆ ಅಂತ ಕೇಳಿದೆ. ತಿಮಿಂಗಿಲಕ್ಕೆ ತೊಂದರೆ ಇಲ್ವಾ?

ಅಲ್ಲಿನ ತಿಮಿಂಗಿಲಗಳಿಗೆ ಇರುವ ದೊಡ್ಡ ಆಪತ್ತುಗಳಲ್ಲಿ ಇದೂ ಒಂದು. ಮಿರಿಸ್ಸದ ಪೂರ್ವಕ್ಕೆ ದೊಂಡ್ರ ಭೂಶಿರ ಇದೆ, ಶ್ರೀಲಂಕಾದ ದಕ್ಷಿಣದ ತುದಿ. ಅದರ ಪಕ್ಕದಲ್ಲೇ ಜಗತ್ತಿನ ಅತಿ ಹೆಚ್ಚು ಹಡಗು ಓಡಾಡುವ ದಾರಿಗಳಲ್ಲೊಂದು ಹಾದುಹೋಗುತ್ತದೆ. ತಿಮಿಂಗಿಲ ತಿನ್ನುವ ಜಾಗವೂ ಅದೇ. ಕಂಟೇನರ್ ಹಡಗಿನ ಮೂತಿಗೆ ಸಿಕ್ಕಿದ ತಿಮಿಂಗಿಲ ಉಳಿಯುವುದು ಕಷ್ಟ. ಹಡಗಿನವರಿಗೆ ಡಿಕ್ಕಿ ಹೊಡೆದದ್ದೂ ಎಷ್ಟೋ ಸಲ ತಿಳಿಯುವುದಿಲ್ಲ.

ದಾರಿಯನ್ನು ಸ್ವಲ್ಪ ದಕ್ಷಿಣಕ್ಕೆ ಸರಿಸಿದರೆ ಅಪಾಯ ತುಂಬಾ ಇಳಿಯುತ್ತದೆ ಅಂತ ವಿಜ್ಞಾನಿಗಳು ವರ್ಷಗಳಿಂದ ಹೇಳುತ್ತಿದ್ದಾರೆ. ಎಂಎಸ್‌ಸಿ ಅನ್ನುವ ದೊಡ್ಡ ಹಡಗು ಕಂಪನಿ 2022ರಲ್ಲಿ ತನ್ನ ಹಡಗುಗಳನ್ನು ತಾನಾಗಿಯೇ ದಕ್ಷಿಣಕ್ಕೆ ಸರಿಸಿತು. ಉಳಿದವರೂ ಸರಿಸಬೇಕು.

ಇವುಗಳ ಬೇಟೆ ನಿಂತಿದೆಯಾ?

ಹಿಂದೂ ಮಹಾಸಾಗರವನ್ನು 1979ರಲ್ಲೇ ತಿಮಿಂಗಿಲಗಳ ಅಭಯಧಾಮ ಅಂತ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ಘೋಷಿಸಿತು. ಅದಕ್ಕೆ ಮುಂಚೆ, 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಉತ್ತರ ಹಿಂದೂ ಮಹಾಸಾಗರದಲ್ಲಿ ಕದ್ದುಮುಚ್ಚಿ ಸಾವಿರಕ್ಕೂ ಹೆಚ್ಚು ನೀಲಿ ತಿಮಿಂಗಿಲ, ಇನ್ನೂರಕ್ಕೂ ಹೆಚ್ಚು ಹಂಪ್‌ಬ್ಯಾಕ್‌ಗಳನ್ನು ಕೊಂದಿದ್ದವು. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್‌ಗಳು ಬೇರೆ ಸಮುದ್ರದ ತಮ್ಮ ಬಳಗದಿಂದ ಸುಮಾರು 70,000 ವರ್ಷಗಳಿಂದ ದೂರವೇ ಉಳಿದಿವೆ. ಒಮಾನ್ ತೀರದಲ್ಲಿ ಈಗ ನೂರಕ್ಕಿಂತ ಕಡಿಮೆ ಉಳಿದಿವೆ ಅನ್ನುವ ಅಂದಾಜಿದೆ. ಇವು ನಮ್ಮದೇ ಸಮುದ್ರದ ತಿಮಿಂಗಿಲಗಳು. ಅವು ಹಾಡುವ ಹಾಡು ಭಾರತದ ಪಶ್ಚಿಮ ತೀರದ ನೀರಿನಲ್ಲೂ ದಾಖಲಾಗಿದೆ.

ತಿಮಿಂಗಿಲ ಶಾರ್ಕ್ ಅಂದರೂ ಇದೇನಾ?

ಅಲ್ಲ. ಅದು ಮೀನು, ಮೀನುಗಳಲ್ಲೇ ದೊಡ್ಡದು. ಕಿವಿರಿನಿಂದ ಉಸಿರಾಡುತ್ತದೆ. ಬಾಲ ನೋಡಿದರೆ ಗೊತ್ತಾಗುತ್ತದೆ: ಮೀನಿನದು ಎಡ ಬಲಕ್ಕೆ ಆಡುತ್ತದೆ, ತಿಮಿಂಗಿಲದ್ದು ಮೇಲೆ ಕೆಳಗೆ.

"ತಿಮಿಂಗಿಲ ವಾಂತಿ" ಕೋಟಿಗಟ್ಟಲೆ ಬೆಲೆ ಅಂತಾರೆ. ನಿಜವಾ?

ನಮ್ಮ ಕಡೆಯ ಪೇಪರ್‌ಗಳಲ್ಲಿ ಇದನ್ನು ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಆಗಾಗ ಬರುತ್ತದೆ. ಅಂಬರ್‌ಗ್ರಿಸ್ ಅನ್ನುವ ಈ ವಸ್ತು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಆಗುತ್ತದೆ. ಸುಗಂಧ ದ್ರವ್ಯಕ್ಕೆ ಬಳಸುತ್ತಿದ್ದರು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸ್ಪರ್ಮ್ ತಿಮಿಂಗಿಲಕ್ಕೆ ಪೂರ್ತಿ ರಕ್ಷಣೆ ಇದೆ. ಹಾಗಾಗಿ ಅಂಬರ್‌ಗ್ರಿಸ್ ಇಟ್ಟುಕೊಂಡರೂ, ಮಾರಿದರೂ, ಕೊಂಡರೂ ಜೈಲು. ದಡದಲ್ಲಿ ಮೇಣದಂಥ ಗಟ್ಟಿ ಸಿಕ್ಕರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಬ್ಯಾಗಿಗೆ ಹಾಕಿಕೊಂಡು ವಿಮಾನ ಹತ್ತಬೇಡಿ.

ನಾನು ತೆಗೆದ ಫೋಟೊ ಯಾರಿಗಾದರೂ ಉಪಯೋಗ ಆಗುತ್ತಾ?

ಆಗುತ್ತದೆ. ತಿಮಿಂಗಿಲದ ಬಾಲದ ಅಂಚು, ಬೆನ್ನಿನ ರೆಕ್ಕೆ, ಮೈಮೇಲಿನ ಮಚ್ಚೆ ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಅದರಿಂದಲೇ ಸಂಶೋಧಕರು ಒಂದೊಂದನ್ನೂ ಗುರುತಿಟ್ಟುಕೊಳ್ಳುತ್ತಾರೆ. ಹ್ಯಾಪಿವೇಲ್ ಅನ್ನುವ ಜಾಲತಾಣಕ್ಕೆ ಯಾರು ಬೇಕಾದರೂ ಫೋಟೊ ಹಾಕಬಹುದು. ದಿನಾಂಕ, ಹೊತ್ತು, ಜಾಗ ಸರಿಯಾಗಿ ಬರೆಯಿರಿ. ಮುಂದೆ ಅದೇ ತಿಮಿಂಗಿಲ ಬೇರೆ ಕಡೆ ಕಂಡರೆ ನಿಮಗೆ ತಿಳಿಸುತ್ತಾರೆ.

ನಮ್ಮ ಕರಾವಳಿಗೆ ಹೋದಾಗ ದಡಕ್ಕೆ ಬಿದ್ದ ತಿಮಿಂಗಿಲವೋ ಡಾಲ್ಫಿನ್ನೋ ಕಂಡರೆ ಏನು ಮಾಡಬೇಕು?

ಮೊದಲು ಅರಣ್ಯ ಇಲಾಖೆಗೆ ಅಥವಾ 112ಕ್ಕೆ ಫೋನ್ ಮಾಡಿ. ಜೀವ ಇದ್ದರೆ ಬಾಲ ಹಿಡಿದು ಎಳೆಯಬೇಡಿ, ಕೀಲು ಮುರಿಯುತ್ತದೆ. ನೆತ್ತಿಯ ಮೇಲಿನ ಉಸಿರಿನ ತೂತಿಗೆ ನೀರು, ಮರಳು ಹೋಗದಂತೆ ನೋಡಿಕೊಂಡು, ಉಳಿದ ಮೈಗೆ ಒದ್ದೆ ಬಟ್ಟೆ ಹೊದಿಸಿ, ಬಿಸಿಲು ತಾಗದಂತೆ ನೆರಳು ಮಾಡಿ. ಬಾಲದ ಹತ್ತಿರ ನಿಲ್ಲಬೇಡಿ. ಸುತ್ತ ಸೇರುವ ಜನರನ್ನು, ನಾಯಿಗಳನ್ನು ದೂರ ಇಡಿ. ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟದೆ, ಪಕ್ಕದಿಂದ ಒಂದು ಫೋಟೊ ತೆಗೆದು ಇಲಾಖೆಯವರು ಬರುವವರೆಗೆ ಅಲ್ಲೇ ಇರಿ.